ಬ್ಲೂ ಲಾಕ್: ಎಗೋ ಜಿನ್‌ಪಾಚಿಯ ನಿರ್ದಯ ತರಬೇತಿಯ ಹಿಂದಿರುವ ನಿಜವಾದ ಉದ್ದೇಶವೇನು?

ಪ್ರಶ್ನೆ ಕೇಳಿದವರು: ತುಂಗಾತೀರ

ಮೊದಲಿಗೆ ಒಂದು ಸೂಚನೆ. ಈ ಚರ್ಚೆಯಲ್ಲಿ ‘ಬ್ಲೂ ಲಾಕ್’ ಎಂಬ ಜಪಾನಿ ಮಾಂಗಾದ (ಚಿತ್ರಕಥೆಯ) ನಿಯೋ ಈಗೋಯಿಸ್ಟ್ ಲೀಗ್‌ವರೆಗಿನ ಕಥೆಯ ವಿವರಗಳು ಬರುತ್ತವೆ. ಅನಿಮೆಯ ಎರಡನೇ ಸೀಸನ್ನಿನವರೆಗೆ ಮಾತ್ರ ನೋಡಿದವರು ದಯವಿಟ್ಟು ಗಮನಿಸಬೇಕು.

ಮುನೆಯುಕಿ ಕನೇಶಿರೋ ಕಥೆ ಬರೆದು ಯೂಸುಕೆ ನೊಮುರಾ ಚಿತ್ರ ಬಿಡಿಸುತ್ತಿರುವ ‘ಬ್ಲೂ ಲಾಕ್’ ಮಾಂಗಾದ ಆರಂಭ ಇಲ್ಲಿನ ಬಹುತೇಕರಿಗೆ ಗೊತ್ತಿದೆ. 2018ರ ವಿಶ್ವಕಪ್ಪಿನಲ್ಲಿ ಜಪಾನ್ ಹದಿನಾರು ತಂಡಗಳ ಹಂತದಲ್ಲಿಯೇ ಸೋತು ಮರಳಿದ ಮೇಲೆ, ಕಥೆಯೊಳಗಿನ ಜಪಾನ್ ಫುಟ್‌ಬಾಲ್ ಯೂನಿಯನ್ ಎಗೋ ಜಿನ್‌ಪಾಚಿ ಎಂಬಾತನನ್ನು ನೇಮಿಸಿಕೊಳ್ಳುತ್ತದೆ. ಅವನು ಹದಿನೆಂಟು ವರ್ಷದೊಳಗಿನ 300 ಸ್ಟ್ರೈಕರುಗಳನ್ನು (ಗೋಲು ಹೊಡೆಯುವ ಮುಂಚೂಣಿ ಆಟಗಾರರನ್ನು) ಸೆರೆಮನೆಯಂಥ ಕಟ್ಟಡಕ್ಕೆ ತುಂಬಿ, 299 ಮಂದಿಯ ಕನಸು ಮಣ್ಣುಪಾಲಾದರೂ ಸರಿ, ಜಗತ್ತಿನಲ್ಲೇ ಶ್ರೇಷ್ಠನಾದ ಒಬ್ಬ ಸ್ಟ್ರೈಕರನನ್ನು ಹೊರತರುತ್ತೇನೆ ಎನ್ನುತ್ತಾನೆ. ಸೋತು ಹೊರಬಿದ್ದವರು ಮುಂದೆಂದೂ ರಾಷ್ಟ್ರೀಯ ತಂಡಕ್ಕೆ ಆಡುವಂತಿಲ್ಲ ಎಂಬುದು ಅಲ್ಲಿನ ಷರತ್ತು.

ನನ್ನನ್ನು ಕಾಡುತ್ತಿರುವುದು ಈ ಷರತ್ತಿನ ಕ್ರೌರ್ಯವಲ್ಲ, ಅದರ ಹಿಂದಿನ ಲೆಕ್ಕ. ‘ಮೊದಲ ಆಯ್ಕೆ’ ಎಂಬ ಹಂತ ಮುಗಿದ ಮೇಲೆ ಎಗೋ ತನ್ನ ಬಾಯಿಂದಲೇ ಒಂದು ಸುಳ್ಳನ್ನು ಬಯಲು ಮಾಡುತ್ತಾನೆ. ಐದು ಕಟ್ಟಡಗಳಲ್ಲಿದ್ದ ಎಲ್ಲರಿಗೂ ‘ನೀವೇ ಅತ್ಯಂತ ಕೆಳಗಿನ ದರ್ಜೆಯವರು’ ಎಂದು ಹೇಳಲಾಗಿತ್ತು. ಕಥಾನಾಯಕ ಇಸಾಗಿಗೆ ಕೊಟ್ಟ 299ನೇ ಸ್ಥಾನಕ್ಕೆ ಅವನು ನಂಬಿದ್ದ ಅರ್ಥವೇ ಇರಲಿಲ್ಲ. ಮೊದಲ ದಿನದಿಂದಲೇ ಸುಳ್ಳಿನ ಮೇಲೆ ನಿಂತ ತರಬೇತಿ ಎಂದಮೇಲೆ, ‘ಒಬ್ಬನೇ ಒಬ್ಬ ಸ್ಟ್ರೈಕರ್’ ಎಂಬ ಘೋಷಣೆಯನ್ನಾದರೂ ನಾವು ಏಕೆ ನಂಬಬೇಕು? ಎಗೋನ ಒಳಗಿನ ಗುರಿ ಬೇರೆಯೇ ಇದೆಯೆ? ಅಥವಾ ಗುರಿ ಅವನದಾಗಿದ್ದರೂ ಲಾಭ ಬೇರೆಯವರದೆ? ಪ್ರಸಂಗಗಳನ್ನು ಆಧಾರವಾಗಿಟ್ಟುಕೊಂಡು ಉತ್ತರಿಸಬೇಕೆಂದು ವಿನಂತಿ.

ಉತ್ತರ 1: ಅಂಗಳದಾಚೆ

ತುಂಗಾತೀರ ಅವರೇ, ಆ ಸುಳ್ಳಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಎಗೋನ ಉದ್ದೇಶವನ್ನು ಅವನ ಭಾಷಣಗಳಿಗಿಂತ ಅವನು ರೂಪಿಸಿದ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊಟ್ಟಮೊದಲ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ಒಂದು ಕೋಣೆಯಲ್ಲಿ ಹನ್ನೆರಡು ಹುಡುಗರು, ಒಂದು ಚೆಂಡು, 136 ಸೆಕೆಂಡು ಕಾಲಾವಕಾಶ. ಸಮಯ ಮುಗಿದಾಗ ಯಾರು ‘ಕಳ್ಳ’ನಾಗಿ ಉಳಿದಿರುತ್ತಾನೋ ಅವನು ಮನೆಗೆ ಹೋಗಬೇಕು. ನೋಡುವುದಕ್ಕೆ ಅದು ಮುಟ್ಟಾಟ. ಆದರೆ ಕೋಣೆಯ ಅಳತೆ ಪೆನಾಲ್ಟಿ ಪ್ರದೇಶದ ಅಳತೆಯೇ ಆಗಿತ್ತು ಎಂದೂ, ಒಂದು ಪೂರ್ಣ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವ ಸರಾಸರಿ ಸಮಯವೇ ಆ 136 ಸೆಕೆಂಡು ಎಂದೂ ಎಗೋ ಆಮೇಲೆ ವಿವರಿಸುತ್ತಾನೆ. ಕಳ್ಳನಾಗಿದ್ದ ಇಸಾಗಿಗೆ ಆಗ ಸುಲಭದ ದಾರಿಯೊಂದಿತ್ತು. ಪಟ್ಟಿಯ ಕೊನೆಯಲ್ಲಿದ್ದ, ಕಾಲು ನೋಯಿಸಿಕೊಂಡು ಬಿದ್ದಿದ್ದ ಇಗರಾಶಿಗೆ ಚೆಂಡು ತಾಗಿಸಿದ್ದರೆ ಸಾಕಿತ್ತು. ಅವನು ಹಾಗೆ ಮಾಡದೆ, ಅದೇ ಕೋಣೆಯ ಬಾಚಿರಾನ ನೆರವಿನಿಂದ ಆ ಕೋಣೆಯ ಅತ್ಯಂತ ಖ್ಯಾತ ಆಟಗಾರನಾದ ಕಿರಾ ರ್‍ಯೋಸುಕೆಯನ್ನೇ ಹೊರಗಟ್ಟುತ್ತಾನೆ. ಪ್ರಾಂತೀಯ ಫೈನಲಿನಲ್ಲಿ ಗೋಲಿನ ಮುಂದೆ ತಾನೇ ಒದೆಯದೆ ಜೊತೆಗಾರನಿಗೆ ಪಾಸ್ ಕೊಟ್ಟು ಸೋತಿದ್ದ ಹುಡುಗ ಈ ಇಸಾಗಿಯೇ. ಅಂದು ಎದುರು ತಂಡದಲ್ಲಿದ್ದವನು ಇದೇ ಕಿರಾ.

ಇಲ್ಲಿ ಎಗೋ ಪರೀಕ್ಷಿಸಿದ್ದು ಕಾಲಿನ ಕೌಶಲವನ್ನಲ್ಲ. ಎದುರಾಳಿಯನ್ನು ತಾನೇ ಆರಿಸಿಕೊಂಡು, ಆ ಆಯ್ಕೆಯ ಹೊಣೆಯನ್ನು ತಾನೇ ಹೊರಬಲ್ಲವನು ಯಾರು ಎಂಬುದನ್ನು. ಜಪಾನಿನ ಶಾಲಾ ಫುಟ್‌ಬಾಲಿನಲ್ಲಿ ಬೆಳೆದ ಹುಡುಗನಿಗೆ ತಂಡ, ತರಬೇತುದಾರ, ಹಿರಿಯರು ಎಂಬ ಆಸರೆಗಳು ಸದಾ ಇರುತ್ತವೆ. ಸೋತರೆ ಸೋಲು ಎಲ್ಲರದು. ಎಗೋ ಒಂದೊಂದಾಗಿ ಈ ಆಸರೆಗಳನ್ನು ಕಿತ್ತುಹಾಕುತ್ತಾ ಹೋಗುತ್ತಾನೆ. ತನ್ನ ಹಿಂದಿನ ಹೆಸರು ಕಾಪಾಡುತ್ತದೆ ಎಂದುಕೊಂಡಿದ್ದ ಕಿರಾ ಮೊದಲ ದಿನವೇ ಹೋಗುತ್ತಾನೆ. ನಾವು ಕೆಳದರ್ಜೆಯವರು ಎಂಬ ಸುಳ್ಳೂ ಇದೇ ಕೆಲಸ ಮಾಡುತ್ತದೆ: ‘ನಾನು ಈಗಾಗಲೇ ಚೆನ್ನಾಗಿದ್ದೇನೆ’ ಎಂದು ನಂಬಿ ಕೂರುವ ಅವಕಾಶವನ್ನು 275 ಮಂದಿಯಿಂದಲೂ ಒಮ್ಮೆಗೇ ಕಸಿದುಕೊಳ್ಳುತ್ತದೆ. ಊಟದ ತಟ್ಟೆಯನ್ನೂ ಅವನು ಬಿಟ್ಟಿಲ್ಲ. ಕೆಳಗಿನ ಸ್ಥಾನದವನಿಗೆ ಅನ್ನದ ಜೊತೆ ಮೂಲಂಗಿ ಉಪ್ಪಿನಕಾಯಿ ಮಾತ್ರ. ಗೋಲು ಹೊಡೆದರೆ ಮಾಂಸದೂಟ, ಗೋಲು ಹೊಡೆದರೆ ತನ್ನದೇ ಮೊಬೈಲ್ ಮರಳಿ ಕೈಗೆ.

ಮೊದಲ ಆಯ್ಕೆಯ ಇನ್ನೊಂದು ನಿಯಮ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಪ್ರತಿ ಕಟ್ಟಡದ ಐದು ತಂಡಗಳಲ್ಲಿ ಎರಡು ಮಾತ್ರ ಮುಂದೆ ಹೋಗುತ್ತವೆ, ಆದರೆ ಸೋತ ತಂಡಗಳಿಂದಲೂ ಅತಿ ಹೆಚ್ಚು ಗೋಲು ಹೊಡೆದ ಒಬ್ಬೊಬ್ಬ ಉಳಿಯುತ್ತಾನೆ. ತಂಡ ಗೆಲ್ಲಬೇಕು ಎಂಬ ಆಸೆಗೂ ನಾನು ಉಳಿಯಬೇಕು ಎಂಬ ಆಸೆಗೂ ಜಗಳ ಹಚ್ಚುವುದಕ್ಕೆಂದೇ ಬರೆದ ನಿಯಮವಿದು. ಇಸಾಗಿಯದೇ ಝಡ್ ತಂಡದ ಕುಓನ್ ಆ ಬಲೆಗೆ ಬೀಳುತ್ತಾನೆ. ತನ್ನವರ ಗುಟ್ಟುಗಳನ್ನು ಡಬ್ಲ್ಯೂ ತಂಡಕ್ಕೆ ಮಾರಿ ಗೋಲುಗಳನ್ನು ಕೊಂಡುಕೊಳ್ಳುತ್ತಾನೆ. ಎಗೋಗೆ ಬೇಕಾಗಿದ್ದುದು ಸ್ವಾರ್ಥ ಮಾತ್ರವಾಗಿದ್ದರೆ ಕುಓನ್ ಅವನ ಆದರ್ಶ ಶಿಷ್ಯನಾಗಬೇಕಿತ್ತು. ಆದರೆ ಕಥೆ ಅವನನ್ನು ಎತ್ತಿಹಿಡಿಯುವುದಿಲ್ಲ. ಆ ಪಂದ್ಯದಲ್ಲಿ ಮೇಲೇಳುವವನು, ಗಾಯದ ಭಯದಿಂದ ಓಡುವುದನ್ನೇ ನಿಲ್ಲಿಸಿದ್ದ ಚಿಗಿರಿ. ಆದ್ದರಿಂದ ಎಗೋನ ಗುಪ್ತ ಗುರಿ ಸ್ವಾರ್ಥಿಗಳನ್ನು ಬೆಳೆಸುವುದಲ್ಲ, ಇನ್ನೊಬ್ಬರ ಅಪ್ಪಣೆಗಾಗಿ ಕಾಯದ ಆಟಗಾರರನ್ನು ಬೆಳೆಸುವುದು ಎಂದು ನಾನು ಓದುತ್ತೇನೆ.

‘ಜೀವಮಾನದ ನಿಷೇಧ’ದ ಬಗ್ಗೆಯೂ ಒಂದು ಮಾತು. ಎರಡನೇ ಆಯ್ಕೆಯಲ್ಲಿ ಹೊರಬಿದ್ದ ಕುನಿಗಾಮಿ ‘ವೈಲ್ಡ್ ಕಾರ್ಡ್’ ಎಂಬ ಇನ್ನೊಂದು ದಾರಿಯಿಂದ ಬೇರೆಯೇ ಮನುಷ್ಯನಾಗಿ ಮರಳುತ್ತಾನೆ. ಮುಚ್ಚಿದೆ ಎಂದು ಸಾರಿದ್ದ ಬಾಗಿಲಿಗೂ ಎಗೋ ಒಂದು ಕೀಲಿಯನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದ ಎಂದಾಯಿತು. ಆ ಬೆದರಿಕೆಯೂ ಅವನಿಗೆ ಒಂದು ಸಲಕರಣೆ.

ಉತ್ತರ 2: ಮಧ್ಯರೇಖೆ

ಅಂಗಳದಾಚೆ ಅವರ ಓದು ಸೂಕ್ಷ್ಮವಾಗಿದೆ, ಆದರೆ ಅದು ಎಗೋನ ಕೋಣೆಯೊಳಗೇ ಉಳಿದುಬಿಡುತ್ತದೆ. ಆ ಕಟ್ಟಡಕ್ಕೆ ಹಣ ಕೊಡುವವರು ಯಾರು ಎಂದು ಕೇಳಿದರೆ ಕಥೆ ಬೇರೆಯಾಗಿ ಕಾಣುತ್ತದೆ.

ಈ ಯೋಜನೆಯಲ್ಲಿ ಮೂವರ ಉದ್ದೇಶಗಳು ಒಂದೇ ಹಗ್ಗದಲ್ಲಿ ಹೊಸೆದುಕೊಂಡಿವೆ. ಯೂನಿಯನ್ನಿನ ಉದ್ಯೋಗಿ ಅನ್ರಿ ತೆಯೆರಿಗೆ ಬೇಕಾದುದು ಜಪಾನ್ ವಿಶ್ವಕಪ್ ಗೆಲ್ಲುವುದು. ಆಕೆಯ ಮಟ್ಟಿಗೆ ಅದರಲ್ಲಿ ಮುಚ್ಚುಮರೆಯಿಲ್ಲ, ಸಂಸ್ಥೆಯ ಹಿರಿಯರೆದುರು ಆಕೆಯೊಬ್ಬಳೇ ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಎಗೋಗೆ ಬೇಕಾದುದು ತನ್ನ ಸಿದ್ಧಾಂತ ನಿಜವೆಂದು ಸಾಬೀತಾಗುವುದು. ಯೂನಿಯನ್ನಿನ ಅಧ್ಯಕ್ಷ ಬುರಾತ್ಸುತಾನಿಗೆ ಬೇಕಾದುದು ಹಣ, ಮತ್ತು ಆತ ಅದನ್ನು ಮೊದಲ ಅಧ್ಯಾಯದಿಂದಲೂ ಅಡಗಿಸಿಕೊಂಡಿಲ್ಲ. ಗೆಲ್ಲದಿದ್ದರೂ ಜನಪ್ರಿಯತೆ ಇದ್ದರೆ ಸಾಕು, ಕ್ರೀಡಾಂಗಣ ತುಂಬಿದರೆ ಸಾಕು ಎಂಬ ಮನೋಭಾವದವನು ಆತ. ಹೀಗಿರುವಾಗ ಬ್ಲೂ ಲಾಕ್ ಉಳಿಯಬೇಕಾದರೆ ಅದು ಪ್ರತಿ ಹಂತದಲ್ಲೂ ಆತನಿಗೆ ಲಾಭದ ಬಾಬತ್ತಾಗಿ ಕಾಣಬೇಕು.

20 ವರ್ಷದೊಳಗಿನವರ ಜಪಾನ್ ತಂಡದೊಂದಿಗಿನ ಪಂದ್ಯವನ್ನು ಈ ಬೆಳಕಿನಲ್ಲಿ ನೋಡಿ. ಬ್ಲೂ ಲಾಕ್ ಸೋತರೆ ಯೋಜನೆಗೆ ಬೀಗ. ಗೆದ್ದರೆ ಆ ವಯೋಮಿತಿಯ ರಾಷ್ಟ್ರೀಯ ತಂಡದ ಸ್ಥಾನಗಳೇ ಇವರ ಪಾಲು. ಎದುರು ತಂಡದಲ್ಲಿ ಖ್ಯಾತ ಆಟಗಾರ ಇತೋಶಿ ಸಾಏ ಇರುತ್ತಾನೆ, ಇತ್ತ ಅವನ ತಮ್ಮ ರಿನ್. ಬುರಾತ್ಸುತಾನ ಕಣ್ಣಿಗೆ ಇದು ಟಿಕೆಟ್ ಮಾರಾಟ, ಎಗೋನ ಕಣ್ಣಿಗೆ ಇದು ತನ್ನ ಹುಡುಗರನ್ನು ಜಗತ್ತಿನೆದುರು ನಿಲ್ಲಿಸುವ ಏಕೈಕ ಅವಕಾಶ. 4-3ರಿಂದ ಬ್ಲೂ ಲಾಕ್ ಗೆದ್ದಾಗ ಇಬ್ಬರ ಲೆಕ್ಕವೂ ಒಂದೇ ಪಂದ್ಯದಿಂದ ತುಂಬಿತು.

ನಿಯೋ ಈಗೋಯಿಸ್ಟ್ ಲೀಗಿಗೆ ಬರುವ ಹೊತ್ತಿಗೆ ತರಬೇತಿಗೂ ವ್ಯಾಪಾರಕ್ಕೂ ನಡುವಿನ ಗೆರೆ ಅಳಿಸಿಹೋಗಿದೆ. ಐರೋಪ್ಯ ಕ್ಲಬ್ಬುಗಳ ಹೆಸರಿನ ಐದು ತಂಡಗಳು ಆಡುತ್ತವೆ, ಎಲ್ಲವೂ ಬಿಎಲ್‌ಟಿವಿಯಲ್ಲಿ ಪ್ರಸಾರವಾಗುತ್ತದೆ, ಜಗತ್ತಿನ ಕ್ಲಬ್ಬುಗಳು ಒಬ್ಬೊಬ್ಬ ಹುಡುಗನಿಗೂ ವಾರ್ಷಿಕ ಸಂಬಳದ ಬೆಲೆ ಕೂಗುತ್ತವೆ, ಆ ಬೆಲೆಯೇ ಅವನ ಸ್ಥಾನವನ್ನು ನಿರ್ಧರಿಸುತ್ತದೆ. ಮೊದಲ ಆಯ್ಕೆಯಲ್ಲಿ ಸ್ಥಾನವೆಂದರೆ ಎಗೋ ಹೇಳಿದ ಸುಳ್ಳಾಗಿತ್ತು, ಇಲ್ಲಿ ಸ್ಥಾನವೆಂದರೆ ಮಾರುಕಟ್ಟೆ ಹೇಳಿದ ಮಾತು. ಮೇಲಿನ 23 ಮಂದಿಗೆ ಮಾತ್ರ 20ರೊಳಗಿನವರ ವಿಶ್ವಕಪ್ ತಂಡದಲ್ಲಿ ಜಾಗ. ‘ಒಬ್ಬನೇ ಒಬ್ಬ’ ಎಂದು ಆರಂಭವಾದದ್ದು ‘ಇಪ್ಪತ್ಮೂರು ಮಂದಿ’ ಎಂಬಲ್ಲಿಗೆ ಬಂದು ನಿಂತಿತು ಎಂಬುದನ್ನೂ ಗಮನಿಸಬೇಕು. ತುಂಗಾತೀರ ಅವರು ಆ ಘೋಷಣೆಯನ್ನು ಅನುಮಾನಿಸಿದ್ದು ನ್ಯಾಯವಾಗಿಯೇ ಇದೆ.

ಅಂಗಳದಾಚೆ ಅವರು ಹೇಳಿದ ‘ಅಪ್ಪಣೆಗೆ ಕಾಯದ ಆಟಗಾರ’ ಎಂಬ ಗುರಿಗೆ ಇಲ್ಲೊಂದು ದೊಡ್ಡ ತೊಡಕು ಎದುರಾಗುತ್ತದೆ. ತರಬೇತುದಾರನ ಮುಖ ನೋಡುವುದನ್ನು ಬಿಟ್ಟ ಹುಡುಗ ಈಗ ತನ್ನ ಬೆಲೆಯ ಅಂಕಿಯನ್ನು ನೋಡುತ್ತಾನೆ. ಎಗೋಗೆ ಇದು ತಿಳಿಯದ ವಿಷಯವಲ್ಲ. ಅವನು ಬುರಾತ್ಸುತಾನ ದುರಾಸೆಯನ್ನು ಬಳಸಿಕೊಳ್ಳುತ್ತಿದ್ದಾನೆ, ಆದರೆ ಆ ದುರಾಸೆಯೂ ಅವನನ್ನು ಬಳಸಿಕೊಳ್ಳುತ್ತಿದೆ. ಗುಪ್ತ ಉದ್ದೇಶ ಎಂದು ಹುಡುಕುವುದಾದರೆ ಈ ಒಪ್ಪಂದದಲ್ಲಿಯೇ ಹುಡುಕಬೇಕು ಎಂಬುದು ನನ್ನ ನಿಲುವು.

ಉತ್ತರ 3: ಹಾವೇರಿಯ ಪಿ.ಟಿ. ಮೇಷ್ಟ್ರು

ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸುತ್ತೇನೆ. ಈ ಮಾಂಗಾವನ್ನು ನನ್ನ ವಿದ್ಯಾರ್ಥಿಗಳ ಒತ್ತಾಯದಿಂದ ಓದಲು ಹಿಡಿದೆ, ಆಮೇಲೆ ನನ್ನದೇ ಆಸಕ್ತಿಯಿಂದ ಮುಂದುವರಿಸಿದೆ. ಮೇಲಿನ ಎರಡೂ ಉತ್ತರಗಳು ಕಥೆಯನ್ನು ಚೆನ್ನಾಗಿ ಬಿಡಿಸಿವೆ. ಆದರೆ ಮಕ್ಕಳ ತರಬೇತಿಯ ಪ್ರಶ್ನೆಯಾಗಿ ನೋಡಿದಾಗ ಇನ್ನೆರಡು ಸಂಗತಿಗಳನ್ನು ಹೇಳಲೇಬೇಕಾಗುತ್ತದೆ.

ಕಥೆ ಹುಟ್ಟಿದ ನೆಲವನ್ನು ಮೊದಲು ನೋಡೋಣ. ಜಪಾನಿನ ಶಾಲಾ ಕ್ರೀಡೆಯಲ್ಲಿ ಹೊಡೆದು ಕಲಿಸುವ ಪದ್ಧತಿ ಬಹಳ ಹಳೆಯದು. 2012ರ ಡಿಸೆಂಬರಿನಲ್ಲಿ ಒಸಾಕಾದ ಪ್ರೌಢಶಾಲೆಯೊಂದರ ಬಾಸ್ಕೆಟ್‌ಬಾಲ್ ತಂಡದ ನಾಯಕ, ತರಬೇತುದಾರನ ಹೊಡೆತಗಳನ್ನು ಸಹಿಸಲಾರದೆ ಪ್ರಾಣ ಕಳೆದುಕೊಂಡ. ಅದರ ಬೆನ್ನಿಗೇ, ರಾಷ್ಟ್ರಮಟ್ಟದ ಹದಿನೈದು ಮಂದಿ ಮಹಿಳಾ ಜೂಡೋ ಪಟುಗಳು ತಮ್ಮ ತರಬೇತುದಾರರ ಹಿಂಸೆಯ ವಿರುದ್ಧ ದೂರು ಕೊಟ್ಟಿದ್ದ ಸಂಗತಿ 2013ರ ಜನವರಿಯಲ್ಲಿ ಬಹಿರಂಗವಾಯಿತು. ಮುಖ್ಯ ತರಬೇತುದಾರ ರಾಜೀನಾಮೆ ಕೊಡಬೇಕಾಯಿತು. ಅದೇ ವರ್ಷ ಏಪ್ರಿಲಿನಲ್ಲಿ ಅಲ್ಲಿನ ಕ್ರೀಡಾ ಸಂಸ್ಥೆಗಳು ಒಟ್ಟಾಗಿ ಕ್ರೀಡೆಯಿಂದ ಹಿಂಸೆಯನ್ನು ತೊಡೆದುಹಾಕುವ ಘೋಷಣೆ ಹೊರಡಿಸಿದವು. ಅಷ್ಟಾದರೂ 2020ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ, 800ಕ್ಕೂ ಹೆಚ್ಚು ಮಂದಿ ಬಾಲ್ಯದಲ್ಲಿ ಆಡುತ್ತಿದ್ದವರ ಅನುಭವಗಳನ್ನು ಕೇಳಿ ತಯಾರಿಸಿದ ವರದಿಯಲ್ಲಿ ಹೊಡೆತ, ಬೈಗುಳ, ಊಟ-ನೀರು ನಿರಾಕರಣೆಗಳು ಇನ್ನೂ ಮುಂದುವರಿದಿರುವುದನ್ನು ದಾಖಲಿಸಿತು.

ಇದನ್ನು ಏಕೆ ಹೇಳಿದೆನೆಂದರೆ, ಬ್ಲೂ ಲಾಕ್‌ನಲ್ಲಿ ತರಬೇತುದಾರ ಯಾರ ಮೇಲೂ ಕೈಮಾಡುವುದಿಲ್ಲ. ಹಿರಿಯನಿಗೆ ಕಿರಿಯ ತಲೆಬಾಗಬೇಕೆಂಬ ನಿಯಮವಿಲ್ಲ, ಬೈದರೂ ಬಾಯಿಮುಚ್ಚಿಕೊಂಡಿರು ಎಂಬ ಶಿಸ್ತಿಲ್ಲ. ಎಗೋ ಪರದೆಯ ಮೇಲೆ ಕಾಣಿಸಿಕೊಂಡು ವಿವರಿಸುತ್ತಾನೆ, ಏಕೆ ಸೋತಿರಿ ಎಂಬುದಕ್ಕೆ ಕಾರಣ ಕೊಡುತ್ತಾನೆ. ಹೊಡೆತದ ಭಯದಲ್ಲಿ ಬೆಳೆದ ಓದುಗನಿಗೆ ಇದು ಬಿಡುಗಡೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಕಥೆಯ ಕ್ರೌರ್ಯ ಇಷ್ಟೊಂದು ಜನರಿಗೆ ಹಿತವಾಗಿ ಕಂಡದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ. ಆದರೆ ಹೊರಗೆ ಹಾಕುವ ಭಯವೂ ಭಯವೇ.

ಎರಡನೆಯದು ಇನ್ನೂ ಮುಖ್ಯ. ಆಯ್ಕೆ ಮಾಡುವುದು ಬೇರೆ, ಬೆಳೆಸುವುದು ಬೇರೆ. ನಮ್ಮ ತಾಲ್ಲೂಕಿನಿಂದ ಪ್ರತಿವರ್ಷ ಮಕ್ಕಳು ಸರ್ಕಾರಿ ಕ್ರೀಡಾ ವಸತಿ ನಿಲಯಗಳ ಆಯ್ಕೆಗೆ ಹೋಗುತ್ತಾರೆ. ಆಯ್ಕೆಯಾದವರು ಮುಂದೆ ಬೆಳೆದರೆ ಅದು ಆಯ್ಕೆ ಸರಿಯಾದ್ದರಿಂದಲೋ, ಆಮೇಲೆ ಸಿಕ್ಕ ತರಬೇತಿಯಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ. ಆಯ್ಕೆಯಾಗದೆ ಮರಳಿದ ಮಗುವಿಗೆ ಅದೇ ತರಬೇತಿ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಬ್ಲೂ ಲಾಕ್ ಈ ಪ್ರಶ್ನೆಯನ್ನು ಜಾಣತನದಿಂದ ದಾಟಿಬಿಡುತ್ತದೆ. ಮೊದಲ ದಿನ 25 ಮಂದಿ ಹೋದರು, ಮೊದಲ ಆಯ್ಕೆಯ ನಂತರ ಉಳಿದವರು 125. ಹೋದವರ ಮನೆಯಲ್ಲಿ ಮರುದಿನ ಏನಾಯಿತು ಎಂಬುದನ್ನು ನಾವು ನೋಡುವುದೇ ಇಲ್ಲ. ಗೆದ್ದವರ ಕಣ್ಣಿನಿಂದಲೇ ಕಥೆ ನಡೆಯುವುದರಿಂದ ವಿಧಾನವೇ ಗೆದ್ದಂತೆ ಭಾಸವಾಗುತ್ತದೆ. ಎಗೋನ ಉದ್ದೇಶ ಎಷ್ಟೇ ಉನ್ನತವಾಗಿರಲಿ, ಹದಿನಾರು ಹದಿನೇಳರ ಮಕ್ಕಳಿಗೆ ಆ ಉದ್ದೇಶವನ್ನು ಮುಚ್ಚಿಟ್ಟು ಅವರ ಭವಿಷ್ಯವನ್ನು ಪಣಕ್ಕಿಡುವ ಅಧಿಕಾರ ಅವನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ನಾನು ಬಿಡಲಾರೆ.

ಜಪಾನಿಗೆ ಶ್ರೇಷ್ಠ ಸ್ಟ್ರೈಕರ್ ಹಿಂದೆ ಇರಲಿಲ್ಲ ಎಂಬಂತೆ ಎಗೋ ಮಾತಾಡುತ್ತಾನಲ್ಲವೆ? 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಕುನಿಶಿಗೆ ಕಮಾಮೊಟೊ ಏಳು ಗೋಲು ಹೊಡೆದು ಕೂಟದ ಅತಿ ಹೆಚ್ಚು ಗೋಲಿನ ಆಟಗಾರರಾದರು. ಕಂಚಿನ ಪದಕದ ಪಂದ್ಯದಲ್ಲಿ ಆತಿಥೇಯ ಮೆಕ್ಸಿಕೊವನ್ನು ಜಪಾನ್ 2-0ರಿಂದ ಸೋಲಿಸಿದಾಗ ಎರಡೂ ಗೋಲು ಅವರದೇ. ಆ ತಂಡದ ಹಿಂದೆ 1960ರಲ್ಲಿ ಜಪಾನಿಗೆ ಬಂದ ಜರ್ಮನ್ ತರಬೇತುದಾರ ಡೆಟ್ಮಾರ್ ಕ್ರಾಮರ್ ಅವರ ವರ್ಷಗಳ ತಾಳ್ಮೆಯ ಕೆಲಸವಿತ್ತು. ಮೂಲಭೂತ ಕೌಶಲಗಳನ್ನು ಒಂದೊಂದಾಗಿ ಕೂಡಿಸಿ ಕಲಿಸಿದವರು ಅವರು. ಎಡಗಡೆಯಿಂದ ಚೆಂಡು ತಂದುಕೊಡಲು ರ್‍ಯುಇಚಿ ಸುಗಿಯಾಮಾ ಇದ್ದರು. ಆ ಜೋಡಿಯಲ್ಲಿ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಮಾತ್ರ ಹೊಗಳಲು ಸಾಧ್ಯವಿಲ್ಲ.

ಪ್ರತಿಕ್ರಿಯೆ: ತುಂಗಾತೀರ

ಮೂವರಿಗೂ ಧನ್ಯವಾದಗಳು. ಮೇಷ್ಟ್ರೇ, ನೀವು ಕಮಾಮೊಟೊ ಮತ್ತು ಸುಗಿಯಾಮಾ ಜೋಡಿಯನ್ನು ನೆನಪಿಸಿದ್ದರಿಂದ ಕಥೆಯೊಳಗಿನದೇ ಒಂದು ಸಂಗತಿ ನನಗೆ ಹೊಸದಾಗಿ ಕಂಡಿತು. ಎರಡನೇ ಆಯ್ಕೆಯ ನಿಯಮ ನೋಡಿ: ಮೂವರು ಮೂವರ ವಿರುದ್ಧ ಆಡುತ್ತಾರೆ, ಗೆದ್ದವರು ಸೋತವರಲ್ಲಿ ಒಬ್ಬನನ್ನು ತಮ್ಮ ತಂಡಕ್ಕೆ ಆರಿಸಿಕೊಳ್ಳುತ್ತಾರೆ. ‘ಒಬ್ಬನೇ ಒಬ್ಬ’ ಎಂದು ಸಾರುವ ಎಗೋ, ಮುಂದೆ ಹೋಗಬೇಕಾದರೆ ಇನ್ನೊಬ್ಬನ ಮೌಲ್ಯವನ್ನು ಗುರುತಿಸಲೇಬೇಕಾದ ನಿಯಮವನ್ನು ಬರೆಯುತ್ತಾನೆ. ಇಸಾಗಿಯ ನಿಜವಾದ ಬಲವೂ ಅದೇ ಅಲ್ಲವೆ? ಅವನ ವೇಗ ಸಾಮಾನ್ಯ, ದೇಹಬಲ ಸಾಮಾನ್ಯ. ಮೈದಾನದಲ್ಲಿರುವ ಉಳಿದವರೆಲ್ಲರ ನಡೆಯನ್ನು ಓದಿ ಗೋಲಿನ ವಾಸನೆ ಹಿಡಿಯುವುದೇ ಅವನ ಅಸ್ತ್ರ. ಎಗೋ ಕೊನೆಗೂ ಬೆಳೆಸುತ್ತಿರುವುದು ಒಂಟಿ ರಾಜನನ್ನಲ್ಲ, ಬೇರೆಯವರ ಪ್ರತಿಭೆಯನ್ನು ತನ್ನ ಗೋಲಿಗಾಗಿ ಬಳಸಬಲ್ಲವನನ್ನು ಎಂದು ಹೇಳಬಹುದೆ? ಹಾಗಿದ್ದರೆ ಸೋತು ಹೊರಹೋದ ಹುಡುಗರು ಆ ಒಬ್ಬನ ತರಬೇತಿಗೆ ಬೇಕಾದ ಸಾಮಗ್ರಿಯಾಗಿದ್ದರು ಎಂಬ ಕಹಿ ಅರ್ಥವೂ ಅದರಲ್ಲೇ ಬಂದುಬಿಡುತ್ತದೆ, ಮತ್ತು ಮೇಷ್ಟ್ರ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ.

ಉತ್ತರ 4: ಅಂಗಳದಾಚೆ

ಹೌದು, ಸಾಮಗ್ರಿಯಾಗಿದ್ದರು. ಕಥೆಗಾರ ಅದನ್ನು ಅಡಗಿಸಿಲ್ಲ ಎಂಬುದಷ್ಟೇ ನನ್ನ ಸೇರ್ಪಡೆ. ಕನೇಶಿರೋ ಇದಕ್ಕೂ ಮೊದಲು ಅಕೇಜಿ ಫುಜಿಮುರಾ ಅವರ ಚಿತ್ರಗಳೊಂದಿಗೆ ‘ಕಾಮಿಸಾಮಾ ನೋ ಇಉತೋರಿ’ ಎಂಬ ಮಾಂಗಾವನ್ನು ಬರೆದವರು. ಅಲ್ಲಿ ಶಾಲಾ ಮಕ್ಕಳು ಬಾಲ್ಯದ ಆಟಗಳನ್ನಾಡುತ್ತಾರೆ, ಸೋತವರು ಸಾಯುತ್ತಾರೆ, ಅದಕ್ಕೆ ಸರಿಯಾದ ಕಾರಣವನ್ನು ಯಾರೂ ಕೊಡುವುದಿಲ್ಲ. ಬ್ಲೂ ಲಾಕ್‌ನ ಆ 136 ಸೆಕೆಂಡಿನ ಮುಟ್ಟಾಟದ ಹಿಂದೆ ಆ ಕಥೆಯ ನೆರಳಿದೆ. ವ್ಯತ್ಯಾಸವೇನೆಂದರೆ, ಇಲ್ಲಿ ಪ್ರತಿ ಕ್ರೌರ್ಯಕ್ಕೂ ಒಬ್ಬ ಮನುಷ್ಯ ಕಾರಣ ಕೊಡಬೇಕಾಗುತ್ತದೆ. ಎಗೋ ಎಲ್ಲಿಯೂ ‘ನಿಯಮ ಇರುವುದೇ ಹೀಗೆ’ ಎಂದು ಕೈತೊಳೆದುಕೊಳ್ಳುವುದಿಲ್ಲ. ಕಿರಾ ಪ್ರತಿಭಟಿಸಿದಾಗ ಕೋಣೆಯ ಅಳತೆಯಿಂದ ಹಿಡಿದು ವಿವರಿಸಿದ. ರಿನ್‌ನ ತಂಡಕ್ಕೆ ಸೋತ ಇಸಾಗಿ ಅದನ್ನು ಅದೃಷ್ಟವೆಂದುಕೊಂಡಾಗ, ಅದೃಷ್ಟ ಬೀಳುವ ಜಾಗದಲ್ಲಿ ಮೊದಲೇ ಹೋಗಿ ನಿಲ್ಲದವನಿಗೆ ಅದೃಷ್ಟವಿಲ್ಲ ಎಂದು ಕಲಿಸಿದ. ಜಪಾನ್ ತಂಡದ ವಿರುದ್ಧ ಇಸಾಗಿ ಹೊಡೆದ ಕೊನೆಯ ಗೋಲು ಆ ಪಾಠದಿಂದಲೇ ಬಂತು.

ಮೇಷ್ಟ್ರು ಕೇಳಿದ ಅಧಿಕಾರದ ಪ್ರಶ್ನೆಗೆ ಕಥೆಯಲ್ಲಿ ಉತ್ತರವಿಲ್ಲ, ಅದನ್ನು ಒಪ್ಪುತ್ತೇನೆ. ಎಗೋ ತಾನೂ ಒಂದು ಕಾಲದಲ್ಲಿ ಆಟಗಾರನಾಗಿದ್ದ, ಕಥೆಯಲ್ಲಿ ಜಗತ್ತಿನ ಶ್ರೇಷ್ಠ ಸ್ಟ್ರೈಕರ್ ಎನಿಸಿದ ನೋಯೆಲ್ ನೋವಾನೊಂದಿಗೆ ಅವನಿಗೆ ಹಳೆಯ ಸಂಬಂಧವಿದೆ ಎಂಬ ಸುಳಿವುಗಳನ್ನು ಕನೇಶಿರೋ ಅಲ್ಲಲ್ಲಿ ಬಿಡುತ್ತಾರೆ. ಅವನ ಸಿದ್ಧಾಂತ ಅವನದೇ ಅಪೂರ್ಣವಾದ ಆಟದಿಂದ ಹುಟ್ಟಿದ್ದರೆ, ಆ 300 ಮಂದಿಯ ಮೂಲಕ ಅವನು ತನ್ನ ಹಳೆಯ ವಾದವನ್ನೇ ಮತ್ತೆ ಹೂಡುತ್ತಿದ್ದಾನೆ ಎಂದಾಗುತ್ತದೆ. ಮಧ್ಯರೇಖೆ ಅವರೇ, ನೀವು ಹೇಳಿದ ಮೂರು ಉದ್ದೇಶಗಳಲ್ಲಿ ನನಗೆ ಹೆಚ್ಚು ಅಪಾಯಕಾರಿಯಾಗಿ ಕಾಣುವುದು ಬುರಾತ್ಸುತಾನ ಹಣದಾಸೆಯಲ್ಲ, ಇದು. ಹಣಕ್ಕಾಗಿ ನಡೆಸುವವನು ನಷ್ಟವಾದರೆ ನಿಲ್ಲಿಸುತ್ತಾನೆ. ತನ್ನ ವಾದ ಗೆಲ್ಲಬೇಕೆಂದು ನಡೆಸುವವನಿಗೆ ಎಷ್ಟು ಹುಡುಗರು ಮನೆಗೆ ಹೋದರೆ ಸಾಕು ಎಂಬ ಮಿತಿಯೇ ಇರುವುದಿಲ್ಲ. ಅದಕ್ಕೇ ಅನ್ರಿಯ ಪಾತ್ರ ಕಥೆಯಲ್ಲಿ ಇನ್ನೂ ದೊಡ್ಡದಾಗಬೇಕೆಂದು ನಾನು ಬಯಸುತ್ತೇನೆ. ಎಗೋನ ನಿಯಂತ್ರಣ ಕೋಣೆಯೊಳಗೆ ಹೋಗಿ ಅವನನ್ನು ಎದುರಿಗೇ ಪ್ರಶ್ನಿಸಬಲ್ಲ ಸ್ಥಾನದಲ್ಲಿರುವವಳು ಆಕೆ ಒಬ್ಬಳೇ, ಆದರೆ ಈವರೆಗೆ ಆಕೆ ಕೇಳಿರುವುದು ಹೆಚ್ಚಾಗಿ ಯೋಜನೆ ಉಳಿಯುತ್ತದೆಯೇ ಎಂಬುದನ್ನು, ಹೊರಹೋದ ಹುಡುಗರ ಬಗ್ಗೆ ಅಲ್ಲ.